ಅಡುಗೆಮನೆಯಲ್ಲಿ ಕರಗಿದ ಪ್ಲಾಸ್ಟಿಕ್



ನಿಮ್ಮ ಮನೆಯಲ್ಲೂ ಹದಿನೇಳು-ಹದಿನೆಂಟರ ಮಗನಿದ್ದರೆ ನನ್ನ ಮಾತು ನಿಮಗೆ ಬೇಗ ಅರ್ಥವಾದೀತು. ಏನು ಕೇಳಿದರೂ "ಹೂಂ", "ಊಹೂಂ" ಎರಡೇ ಉತ್ತರ. ಅದೇ ಹುಡುಗ ತನಗೆ ಇಷ್ಟವಾದ ವಿಷಯ ಬಂದರೆ ಊಟ ಮರೆತು ಮಾತನಾಡುತ್ತಾನೆ. ನನ್ನ ದೊಡ್ಡ ಮಗನಿಗೆ ಆ ವಿಷಯ ಮೀನು. ಪಿಯುಸಿಯಲ್ಲಿ ಎರಡು ವಿಷಯ ಹೋದ ಮೇಲೆ ಅವನು ಮನೆಯಲ್ಲಿ ಮಾತು ಬಿಟ್ಟಿದ್ದ. ಅವನ ಮಾಮು ಒಂದು ಭಾನುವಾರ ಕನಕಪುರದ ಕಡೆ ಗೆಳೆಯರ ತೋಟದ ಹೊಂಡಕ್ಕೆ ಗಾಳ ಹಾಕಲು ಕರೆದೊಯ್ದರು. ಅಂದು ರಾತ್ರಿ ಹುಡುಗ ನಗುತ್ತಾ ಮನೆಗೆ ಬಂದ. ನಾನೂ ಅಲ್ಹಮ್ದುಲಿಲ್ಲಾಹ್ ಎಂದೆ.

ಕೊರಮೀನು, ನಮ್ಮ ಮನೆಮಾತಿನಲ್ಲಿ ಮರಲ್, ಕಪ್ಪೆ ಕಂಡರೆ ಹಾರಿ ಹಿಡಿಯುವ ಮೀನು. ಅದಕ್ಕೆ ಮೆತ್ತಗಿನ ಪ್ಲಾಸ್ಟಿಕ್ಕಿನ ಕಪ್ಪೆ, ಹುಳು, ಮರಿಮೀನುಗಳನ್ನು ಗಾಳಕ್ಕೆ ಸಿಕ್ಕಿಸುತ್ತಾರೆ. ಮೀನಿನ ಹಲ್ಲಿಗೆ ಅವು ಬೇಗ ಹರಿಯುತ್ತವೆ. ಪ್ರತಿ ಸಲ ಇನ್ನೂರು-ಮುನ್ನೂರು ರೂಪಾಯಿ ನಾನು ಕೊಡುವುದಿಲ್ಲ ಎಂದೆ. ಆಗ ಅವನು ಮನೆಯಲ್ಲೇ ಮಾಡಿಕೊಳ್ಳಲು ಹೊರಟ.

ಒಂದು ಮಧ್ಯಾಹ್ನ ನಾನು ಮದ್ರಸದಿಂದ ಬರುವಾಗ ಗೇಟಿನ ತನಕ ಕಮಟು ವಾಸನೆ. ಹರಿದ ಹುಳುಗಳನ್ನೂ ಹಳೆಯ ಮೆತ್ತಗಿನ ಪೈಪಿನ ತುಂಡುಗಳನ್ನೂ ನನ್ನ ಪಾತ್ರೆಯಲ್ಲಿ ಹಾಕಿ ಗ್ಯಾಸಿನ ಮೇಲೆ ಕರಗಿಸುತ್ತಿದ್ದ. ಅದು ರಮಝಾನಿನಲ್ಲಿ ಚೀನಾ ಗ್ರಾಸ್ ಕಾಯಿಸುವ ಪಾತ್ರೆ! ಕಿಟಕಿ ಮುಚ್ಚಿತ್ತು. ಒಳಗಿನ ಕೋಣೆಯಲ್ಲಿ ಆಸ್ತಮಾ ಇರುವ ನನ್ನ ಚಿಕ್ಕ ಮಗಳು ಮಲಗಿದ್ದಳು. ಸಂಜೆಗೆ ಅವಳ ಉಸಿರು ಕಟ್ಟಿತು. ಆ ರಾತ್ರಿ ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಿಡಿದು ಕುಳಿತೆ. ಅಲ್ಲಾಹನ ಕೃಪೆಯಿಂದ ಮಗು ಚೇತರಿಸಿಕೊಂಡಿತು.

ಮನೆಗೆ ಬಂದವಳು ಮಗನಿಗೆ ಹೇಳಬಾರದ್ದನ್ನೆಲ್ಲಾ ಹೇಳಿದೆ. "ತಂಗಿಯನ್ನು ಕೊಲ್ಲುತ್ತಿದ್ದೆ" ಎಂದುಬಿಟ್ಟೆ. ಅವನು ತನ್ನ ಗಾಳದ ಕೋಲನ್ನು ಅಟ್ಟಕ್ಕೆ ಎಸೆದ. ಮತ್ತೆ ಅದೇ "ಹೂಂ", "ಊಹೂಂ".

ಮೂರನೇ ದಿನ ತರಗತಿಯಲ್ಲಿ ಒಬ್ಬ ಹುಡುಗ ಒಂದೇ ಆಯತ್ತನ್ನು ಏಳು ಸಲ ತಪ್ಪು ಓದಿದ. ಏಳು ಸಲವೂ ತಾಳ್ಮೆಯಿಂದ ತಿದ್ದಿದೆ. ಎಂಟನೆಯ ಸಲ ಸರಿಯಾಗಿ ಓದಿದ. ಪರರ ಮಕ್ಕಳಿಗೆ ಇರುವ ಈ ತಾಳ್ಮೆ ನನ್ನ ಮಗನಿಗೆ ಏಕಿಲ್ಲ ಎಂದು ಮನಸ್ಸು ಚುಚ್ಚಿತು. ಅವನು ತಪ್ಪು ಮಾಡಿದ್ದ, ನಿಜ. ಆದರೆ ಸರಿ ಯಾವುದೆಂದು ಅವನಿಗೆ ಹೇಳಿದವರು ಯಾರು? ಅಂದು ರಾತ್ರಿ ಅವನ ಪಕ್ಕ ಕುಳಿತು, "ಬೇಟಾ, ಈ ಪ್ಲಾಸ್ಟಿಕ್ ಏನೆಂದು ನನಗೂ ಹೇಳಿಕೊಡು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಇಬ್ಬರೂ ಓದಿದೆವು, ತಿಳಿದವರನ್ನು ಕೇಳಿದೆವು.

ಬಿ.ಎ. ಓದಿದ ನನಗೆ ರಸಾಯನಶಾಸ್ತ್ರ ದೂರ. ಆದರೂ ಅರ್ಥವಾದದ್ದನ್ನು ನಿಮಗೂ ಹೇಳುತ್ತೇನೆ. ಈ ಕೆಲಸಕ್ಕೆ ಬಳಸುವ ದ್ರವದ ಹೆಸರು ಪ್ಲಾಸ್ಟಿಸಾಲ್. ಪಿವಿಸಿ ಪುಡಿಯನ್ನು ಒಂದು ಬಗೆಯ ಎಣ್ಣೆಯಲ್ಲಿ ಕಲಸಿದ ಹಾಲಿನಂಥ ದ್ರವ. ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ತಿಳಿಯಾಗುತ್ತದೆ. ಅಚ್ಚಿಗೆ ಹೊಯ್ದು ಆರಿಸಿದರೆ ರಬ್ಬರಿನಂತೆ ಮೆತ್ತಗಾಗುತ್ತದೆ. ಎಣ್ಣೆ ಹೆಚ್ಚಿದ್ದರೆ ಮೆತ್ತಗೆ, ಕಡಿಮೆಯಿದ್ದರೆ ಗಟ್ಟಿ. ಬಾಲ ಅಲುಗಾಡಬೇಕಾದ ಹುಳುವಿಗೆ ಮೆತ್ತಗಿನದು, ಹಲ್ಲಿನ ಕಡಿತ ತಡೆಯಬೇಕಾದ ಕಪ್ಪೆಗೆ ಸ್ವಲ್ಪ ಗಟ್ಟಿಯಾದದ್ದು. ಕಾವು ಮಿತಿ ಮೀರಿದರೆ ಅದು ಹಳದಿಯಾಗಿ ಸುಟ್ಟು ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ತೇವ ತಾಕಿದರೆ ಅದೇ ಆಮ್ಲ. ಕಣ್ಣು, ಗಂಟಲು, ಶ್ವಾಸಕೋಶಗಳಿಗೆ ಶತ್ರು. ಅಂದು ನಮ್ಮ ಮನೆ ತುಂಬಿದ್ದ ಹೊಗೆ ಯಾವುದೆಂದು ಆಗ ತಿಳಿಯಿತು.

ಅದರೊಳಗಿನ ಎಣ್ಣೆಯೂ ಮುಖ್ಯ. ಹಿಂದಿನಿಂದ ಬಳಸುತ್ತಿದ್ದದ್ದು ಥ್ಯಾಲೇಟ್ ಎಂಬ ಗುಂಪಿನವು. ಅವುಗಳಲ್ಲಿ ಕೆಲವು ದೇಹದ ಹಾರ್ಮೋನುಗಳಿಗೆ ತೊಂದರೆ ಕೊಡುತ್ತವೆ. ಅಮೆರಿಕದಲ್ಲಿ 2008ರ ಕಾನೂನು ಮಕ್ಕಳ ಆಟಿಕೆಗಳಲ್ಲಿ ಅಂಥ ಕೆಲವನ್ನು ಶೇಕಡಾ 0.1ಕ್ಕೆ ಮಿತಿಗೊಳಿಸಿತು. ನಮ್ಮ ದೇಶದಲ್ಲೂ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದರೆ ಗಾಳದ ಕಪ್ಪೆ ಆಟಿಕೆಯಲ್ಲ. ಅದನ್ನು ದಿನವಿಡೀ ಮುಟ್ಟುವುದು ಮಾತ್ರ ನಮ್ಮ ಮಕ್ಕಳ ಕೈಯೇ. ಥ್ಯಾಲೇಟ್ ಇಲ್ಲದ ದ್ರವವೂ ಸಿಗುತ್ತದೆ, ಬೆಲೆ ಸ್ವಲ್ಪ ಹೆಚ್ಚು.

ಬೇರೆ ದಾರಿಗಳನ್ನೂ ನೋಡಿದೆವು. "ಅಮ್ಮೀ, ಜೆಲಾಟಿನ್ನಿನಲ್ಲೂ ಮಾಡುತ್ತಾರಂತೆ" ಎಂದ. ಅದು ಪ್ರಾಣಿಯ ಮೂಳೆ-ಚರ್ಮದಿಂದ ಬರುವುದು, ಹಂದಿಯದೂ ಇರುತ್ತದೆ. ಮೂಲ ತಿಳಿಯದೆ ಮನೆಗೆ ತರಲು ನನಗೆ ಮನಸ್ಸಾಗಲಿಲ್ಲ. ನೀರಿನಲ್ಲಿ ಅದು ಬೇಗ ಮೆತ್ತಗಾಗಿ ಕಳಚಿಕೊಳ್ಳುತ್ತದೆ ಕೂಡ. ನನ್ನ ಚೀನಾ ಗ್ರಾಸ್ ಸಮುದ್ರದ ಪಾಚಿಯಿಂದ ಆದದ್ದು, ಹಲಾಲ್ ಎಂದೆ. "ಗಾಳಕ್ಕೆ ಸಿಕ್ಕಿಸಿದರೆ ಪುಡಿಯಾಗುತ್ತದೆ ಅಮ್ಮೀ" ಎಂದು ನಕ್ಕ. ಎಷ್ಟೋ ದಿನಗಳ ನಂತರದ ನಗು! ಎರಡು ದ್ರವ ಬೆರೆಸಿ ಕಾಯಿಸದೆಯೇ ಗಟ್ಟಿಯಾಗುವ ಸಿಲಿಕೋನ್ ಕೂಡ ಇದೆ. ಸುಡುವ ಹೊಗೆ ಇಲ್ಲ. ಆದರೆ ದುಬಾರಿ, ಕೆಟ್ಟರೆ ಮತ್ತೆ ಕರಗಿಸಲಾಗದು.

ಒಂದು ಶನಿವಾರ ತಲಘಟ್ಟಪುರದಲ್ಲಿ ಮೆಟ್ರೋ ಹತ್ತಿ ಕೆ.ಆರ್. ಮಾರುಕಟ್ಟೆಯ ಗಲ್ಲಿಗಳಲ್ಲಿ ತಾಯಿ-ಮಗ ಅಲೆದೆವು. ಒಂದು ಅಂಗಡಿಯವರು ಟೀ ಶರ್ಟಿಗೆ ಚಿತ್ರ ಒತ್ತುವ ಪ್ಲಾಸ್ಟಿಸಾಲ್ ಶಾಯಿ ತೋರಿಸಿ "ಎಲ್ಲಾ ಒಂದೇ ಮೇಡಂ" ಎಂದರು. ಒಂದೇ ಅಲ್ಲ. ಅದು ಬಣ್ಣ ತುಂಬಿದ ದಪ್ಪ ಶಾಯಿ, ಬಟ್ಟೆಯ ಮೇಲೆ ತೆಳುವಾಗಿ ಹಚ್ಚಲು ಮಾಡಿದ್ದು. ನನ್ನ ಮಗನೇ ಅದನ್ನು ಅವರಿಗೆ ವಿನಯದಿಂದ ವಿವರಿಸಿದ. ಪರೀಕ್ಷೆಯಲ್ಲಿ ರಸಾಯನಶಾಸ್ತ್ರ ಹೋದ ಹುಡುಗ! ಕೊನೆಗೆ ಗಾಳದ ಹುಳುವಿಗೆಂದೇ ಮಾಡಿದ, ಥ್ಯಾಲೇಟ್ ಇಲ್ಲವೆಂದು ಸುರಕ್ಷತಾ ಪತ್ರದಲ್ಲಿ ಬರೆದಿದ್ದ ಚಿಕ್ಕ ಡಬ್ಬಿಯೊಂದನ್ನು ತರಿಸಿಕೊಂಡೆವು.

ಇನ್ನು ಧರ್ಮದ ಮಾತು. ಸುಳ್ಳು ಕಪ್ಪೆ ತೋರಿಸಿ ಮೀನು ಹಿಡಿಯುವುದು ಮೋಸವಲ್ಲವೇ ಎಂದು ಮಗಳು ಕೇಳಿದಳು. ಮೋಸದ ನಿಷೇಧ ಮನುಷ್ಯರ ವ್ಯವಹಾರಕ್ಕೆ, ನೀರಿನ ಬೇಟೆಯನ್ನು ಅಲ್ಲಾಹನು ನಮಗೆ ಅನುಮತಿಸಿದ್ದಾನೆ ಎಂದೆ. ಇನ್ನೊಂದು ಮಾತೂ ನೆನಪಾಯಿತು. ಔಷಧಿಗೆ ಕಪ್ಪೆ ಬಳಸಬಹುದೇ ಎಂದು ವೈದ್ಯರೊಬ್ಬರು ಕೇಳಿದಾಗ ಪ್ರವಾದಿ(ಸ)ರವರು ಅದನ್ನು ಕೊಲ್ಲುವುದನ್ನು ತಡೆದರೆಂದು ಅಬೂದಾವೂದ್ ಸಂಗ್ರಹದಲ್ಲಿದೆ. ಕೊರಮೀನಿಗೆ ಜೀವಂತ ಕಪ್ಪೆಯನ್ನೇ ಗಾಳಕ್ಕೆ ಚುಚ್ಚುವವರಿದ್ದಾರೆ. ಸೊಳ್ಳೆ, ಬೆಳೆಯ ಕೀಟಗಳನ್ನು ತಿನ್ನುವ ಕಪ್ಪೆ ಉಳಿಯಲೆಂದು ನಮ್ಮ ಸರಕಾರ 1987ರಲ್ಲಿ ಕಪ್ಪೆಕಾಲಿನ ರಫ್ತನ್ನೇ ನಿಲ್ಲಿಸಿತು. ಹಾಗಿರುವಾಗ ಮಗ ಮಾಡುವ ಪ್ಲಾಸ್ಟಿಕ್ ಕಪ್ಪೆಯಿಂದ ಒಂದು ಜೀವ ಉಳಿದರೆ ಒಳ್ಳೆಯದೇ ಅಲ್ಲವೇ?

ಆದರೆ ಷರತ್ತು ಹಾಕಿದೆ. ತಿನ್ನಲು ಬೇಕಾದಷ್ಟೇ ಹಿಡಿಯಬೇಕು. ಮೀನನ್ನು ನೋಯಿಸಿ ಫೋಟೋ ತೆಗೆದು ಬಿಡುವ ಆಟ ಬೇಡ. ಕೆರೆಗಳ ಮೀನಿನ ಹಕ್ಕು ಗುತ್ತಿಗೆದಾರರದ್ದಾಗಿರುತ್ತದೆ. ನಮ್ಮ ಅಂಜನಾಪುರದ ಕೆರೆಯಾದರೂ ಸರಿ, ಅನುಮತಿಯಿಲ್ಲದೆ ಹಿಡಿದ ಮೀನು ನನ್ನ ಪಾತ್ರೆಗೆ ಬರಬಾರದು. ಹರಿದ ತುಂಡುಗಳನ್ನು ನೀರಿಗೆ ಎಸೆಯಬಾರದು. ಅವು ಕೊಳೆಯುವುದಿಲ್ಲ, ನುಂಗಿದ ಮೀನಿಗೆ ಜೀರ್ಣವಾಗುವುದಿಲ್ಲ. ಡಬ್ಬಿಯಲ್ಲಿ ತಂದರೆ ಮತ್ತೆ ಕರಗಿಸಬಹುದು.

ನಿಮ್ಮ ಮಕ್ಕಳೂ ಇದಕ್ಕೆ ಕೈ ಹಾಕಿದರೆ ಇಷ್ಟು ನೆನಪಿಡಿ. ಕೆಲಸ ತಾರಸಿಯಲ್ಲಿ, ಗಾಳಿ ಬೆನ್ನಿಗಿರುವಂತೆ ನಿಂತು. ಪಾತ್ರೆ, ಚಮಚ ಬೇರೆ, ಅವು ಮತ್ತೆಂದೂ ಅಡುಗೆಗೆ ಬರಕೂಡದು. ಕಾವು ಅಳೆಯುವ ಥರ್ಮಾಮೀಟರ್, ಕೈಗವಸು, ಕನ್ನಡಕ ಬೇಕೇ ಬೇಕು. ಪುಡಿ ತಳಕ್ಕೆ ಇಳಿದಿರುತ್ತದೆ, ಡಬ್ಬಿಯನ್ನು ಚೆನ್ನಾಗಿ ಕುಲುಕಿ ಬಳಸಬೇಕು. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಕಾದ ಎಣ್ಣೆಗೆ ನೀರು ಬಿದ್ದಂತೆ ಸಿಡಿಯುತ್ತದೆ. ಮನೆಯಲ್ಲಿ ಆಸ್ತಮಾದವರಿದ್ದರೆ ಅವರು ಹೊರಗೆ ಹೋದಾಗ ಮಾತ್ರ.

ನನ್ನ ಚೀನಾ ಗ್ರಾಸ್ ಪಾತ್ರೆ ಈಗ ಕೆಂಪು ಬಣ್ಣದ ಗುರುತಿನೊಂದಿಗೆ ತಾರಸಿಯ ಮೂಲೆಯಲ್ಲಿದೆ. ಅಡುಗೆಗೆ ಹೊಸದನ್ನು ಕೊಂಡೆ. ಪಿಯುಸಿಯ ಆ ಎರಡು ವಿಷಯ ಇನ್ನೂ ಬಾಕಿ ಇವೆ. ಪಾಸಾಗುತ್ತಾನೋ ಇಲ್ಲವೋ ಅಲ್ಲಾಹನೇ ಬಲ್ಲ. ಆದರೆ ಮೊನ್ನೆ ತಂಗಿ ಶಾಲೆಗೆ ಹೊರಟ ಮೇಲೆಯೇ ಒಲೆ ಹಚ್ಚಿದ. ಅವಳು ಬರುವ ಒಂದು ಗಂಟೆ ಮುಂಚೆ ಆರಿಸಿದ. ನಾನು ಹೇಳಿರಲಿಲ್ಲ. ಸಹೋದರಿಯರೇ, "ಬೇಡ" ಎನ್ನುವುದು ಸುಲಭ. ಪಕ್ಕದಲ್ಲಿ ಕುಳಿತು "ಹೀಗೆ ಮಾಡು" ಎನ್ನಲು ಸಮಯ ಬೇಕು. ಆ ಸಮಯವನ್ನು ನಾನು ತಡವಾಗಿ ಕೊಟ್ಟೆ. ನೀವು ತಡಮಾಡಬೇಡಿ.