ಸ್ಮಾರಕ ವೃಕ್ಷ

ಕೆರೆ, ಬಾವಿ, ತೋಪುಗಳನ್ನು ಮಾಡಿಸುವುದನ್ನು ನಮ್ಮ ಹಿರಿಯರು ‘ಪೂರ್ತ’ವೆಂದು ಕರೆದರು. ಅವನ್ನು ಲೋಕಕ್ಕೆ ಉತ್ಸರ್ಗಮಾಡಿದ ಮೇಲೆ ಕೊಟ್ಟವನಿಗೆ ಅವುಗಳಲ್ಲಿ ಮಮಕಾರವಿರಲಾಗದು. ಇಂದಿನ ಕಾನೂನೂ ಈ ಭಾವಕ್ಕೆ ದೂರವಾದುದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ಕೆಲವು ಜಾತಿಗಳನ್ನುಳಿದು, ಬೆಂಗಳೂರಿನಂತಹ ನಗರದಲ್ಲಿ ಸ್ವಂತ ಹಿತ್ತಲಿನ ಮರವನ್ನಾದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯಕೂಡದು.

ಗತಿಸಿದ ನನ್ನ ಪತ್ನಿಯ ನೆನಪಿಗಾಗಿ ಬೀದಿಯಂಚಿನಲ್ಲಿ ಹೊಂಗೆಯ ಸಸಿಯನ್ನು ನೆಟ್ಟೆವು. ಮುಂದೆ ಅದಕ್ಕೆ ತಾಯಿಯ ಹೆಸರಿನ ಫಲಕವನ್ನು ಹೊಡೆಯಬೇಕೆಂದು ಮಗನ ಆಸೆ. ಬೀದಿಯ ಮರ ಬೀದಿಯವರದು, ಮೊಳೆಯಿಂದ ಅದಕ್ಕೆ ಗಾಯವೆಂದು ನಾನು ಒಪ್ಪಲಿಲ್ಲ.

ವಾಚಕ ಮಹಾಶಯರೇ, ಕಾನೂನು ಕೊಡಲಿಯನ್ನು ತಡೆದೀತು. ಎಳೆಯ ಸಸಿಯ ಬಾಯಾರಿಕೆಯನ್ನು ನೀಗಲಾರದು. ಮೊದಲ ಎರಡು ಮೂರು ಬೇಸಿಗೆಗಳಲ್ಲಿ ನೀರೆರೆಯಬೇಕು. ಬುಡವನ್ನು ಸಿಮೆಂಟಿನಿಂದ ಮುಚ್ಚದೆ ಮಣ್ಣು ಬಿಡಬೇಕು. ಶ್ರದ್ಧೆಯಿಂದ ಮಾಡುವುದೇ ಶ್ರಾದ್ಧವಷ್ಟೆ! ಮಗನು ಈಗ ಪ್ರತಿ ಭಾನುವಾರ ಎರಡು ಕೊಡ ನೀರನ್ನು ಹೊತ್ತು ಹಾಕುತ್ತಿದ್ದಾನೆ.