ಕಣ್ಣೊಳಗಿನ ತೆರೆ

ಕೆಂಪಾಪುರದ ನಮ್ಮ ಮನೆಯ ಜಗಲಿಯಲ್ಲಿ ಓದುತ್ತ ಕುಳಿತಿದ್ದ ಒಂದು ಸಂಜೆ, ನನ್ನ ಬಲಗಣ್ಣಿನ ಮುಂದೆ ಮಸಿಯ ಹನಿಗಳನ್ನು ಚೆಲ್ಲಿದಂತಾಯಿತು. ಪುಟವನ್ನು ಕೈಯಿಂದ ಒರಸಿದೆನು, ಹೋಗಲಿಲ್ಲ. ಕತ್ತಲಾದ ಮೇಲೆ ಕಣ್ಣಿನಂಚಿನಲ್ಲಿ ಮಿಂಚು ಹೊಳೆದು ಹೊಳೆದು ಮಾಯವಾಗುತ್ತಿದ್ದಿತು. ನೋವು ಮಾತ್ರ ಎಳ್ಳಷ್ಟೂ ಇರಲಿಲ್ಲ.

ಹೆಸರು ದೊರೆತರೆ ರೋಗವೇ ತಿಳಿಯಿತೆಂದು ಭ್ರಮಿಸುವುದು ನನ್ನಂತಹ ಪಂಡಿತರ ಚಾಳಿ. ದೋಷವು ಎರಡನೆಯ ಪಟಲವನ್ನು ಹೊಕ್ಕರೆ ನೊಣ, ಸೊಳ್ಳೆ, ಕೂದಲು, ಬಲೆಗಳು ಕಾಣುವುವೆಂದು ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹೇಳಿದೆ. ಅದು ನೆನಪಾಗಿ, ಹೆದರುವುದಕ್ಕೆ ಬದಲು ಹಿಗ್ಗಿದೆನು! ಮನೆಯಾಕೆಗೆ ಅರ್ಥವನ್ನೂ ವಿವರಿಸಿದೆನು.

"ಅರ್ಥ ಹಾಗಿರಲಿ ಬಿಡಿ, ನಾಳೆ ಕಣ್ಣಿನ ಡಾಕ್ಟರಿಗೆ ತೋರಿಸೋಣ ನಡೀರಿ" ಎಂದಳು.

ನಾನು ನಡೆಯಲಿಲ್ಲ. ಮೂರನೆಯ ದಿನ ಪಟ್ಟಣದ ಕನ್ನಡಕದ ಅಂಗಡಿಯೊಂದಕ್ಕೆ ಹೋಗಿ ಹೊಸ ಕನ್ನಡಕವನ್ನು ಕೊಂಡು ಬಂದೆನು. ಐದನೆಯ ದಿನ ಬೆಳಗ್ಗೆ ನೋಟದ ಕೆಳಗಿನಿಂದ ಕಪ್ಪು ತೆರೆಯೊಂದು ಮೇಲೇರತೊಡಗಿತು. ಮಧ್ಯಾಹ್ನದ ಹೊತ್ತಿಗೆ ಎದುರಿಗಿದ್ದವರ ಮುಖವೇ ಮುಳುಗಿತು.

1913ರಿಂದ ಈಗಿನ ಕಟ್ಟಡದಲ್ಲಿರುವ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಅಂದೇ ಹೊರಟೆವು. ಔಷಧದ ಹನಿ ಬಿಟ್ಟು ಪಾಪೆಯನ್ನು ಹಿಗ್ಗಿಸಿ, ತಲೆಗೆ ದೀಪ ಕಟ್ಟಿಕೊಂಡ ವೈದ್ಯರು ಬಹಳ ಹೊತ್ತು ಒಳಗೆ ನೋಡಿದರು. ಕಣ್ಣಿನ ಹಿಂಗೋಡೆಗೆ ಅಂಟಿರುವ ತೆಳುವಾದ ಪೊರೆಯೇ ರೆಟಿನ, ಅಂದರೆ ಅಕ್ಷಿಪಟಲ. ಕಣ್ಣೊಳಗಿನ ಲೋಳೆಯು ವಯಸ್ಸಾದಂತೆ ಕುಗ್ಗುವಾಗ ಅದನ್ನು ಜಗ್ಗಿ ಹರಿಯುವುದುಂಟು. ನನ್ನಂತೆ ಹ್ರಸ್ವದೃಷ್ಟಿಯುಳ್ಳವರಿಗೆ ಈ ಭಯ ಹೆಚ್ಚು. ಹರಿದೆಡೆಯಲ್ಲಿ ನೀರು ನುಸುಳಿದರೆ, ಪೊರೆಯು ಗೋಡೆಯಿಂದ ಕಳಚಿಕೊಳ್ಳುವುದು. ಕಳಚುವ ಮುನ್ನವೇ ತೋರಿಸಿದ್ದರೆ ಹರುಕಿನ ಸುತ್ತಲೂ ಲೇಸರ್ ಕಿರಣದಿಂದ ಬೆಸುಗೆ ಹಾಕಿ ಅಂದೇ ಮನೆಗೆ ಕಳುಹಿಸುತ್ತಿದ್ದರಂತೆ. ಈಗ ದೃಷ್ಟಿಯ ನಡುಭಾಗವೇ ಕಳಚಿದ್ದಿತು.

ಈ ಹರುಕನ್ನು ಮುಚ್ಚಿದರೆ ಪೊರೆಯು ಮರಳಿ ಕೂಡುವುದೆಂದು 1920ರ ದಶಕದಲ್ಲಿ ತೋರಿಸಿಕೊಟ್ಟವರು ಸ್ವಿಜರ್ಲೆಂಡಿನ ಜೂಲ್ ಗೊನಾಂ ಎಂಬ ವೈದ್ಯರು. ಅದಕ್ಕೆ ಹಿಂದೆ ಇದು ಬಹುಮಟ್ಟಿಗೆ ಕುರುಡೇ ಸರಿ. ನನಗೆ ಲೋಳೆಯನ್ನು ತೆಗೆದು, ಪೊರೆಯನ್ನು ಒತ್ತಿ ಹಿಡಿಯಲು ಅನಿಲವನ್ನು ತುಂಬಿದರು. ಅನಿಲವು ಮೇಲಕ್ಕೇರುವ ಸ್ವಭಾವದ್ದಾದುದರಿಂದ, ಹತ್ತು ದಿನ ಹಗಲಿರುಳು ಮೋರೆ ಕೆಳಗೆ ಮಾಡಿಕೊಂಡಿರಬೇಕಾಯಿತು. ಎಷ್ಟೋ ಹುಡುಗರನ್ನು ತಲೆ ತಗ್ಗಿಸಿ ನಿಲ್ಲಿಸಿದವನು ನಾನು!

ಪೊರೆ ಕೂಡಿತು. ಆದರೆ ಬಲಗಣ್ಣಿಗೆ ಅಕ್ಷರದ ಸಾಲು ಇಂದಿಗೂ ಡೊಂಕು, ಸಣ್ಣಕ್ಷರವಂತೂ ಕಾಣದು. ಎಡಗಣ್ಣನ್ನು ಆಗಾಗ ತೋರಿಸಿಕೊಂಡು ಬರುತ್ತೇನೆ. ದಿನವೂ ಬೆಳಗ್ಗೆ ಒಂದೊಂದೇ ಕಣ್ಣನ್ನು ಮುಚ್ಚಿ ಗೋಡೆಯ ಮೇಲಿನ ಪಂಚಾಂಗವನ್ನು ನೋಡುತ್ತೇನೆ. ಪಕ್ಕದಲ್ಲಿ ನಿಂತು ಮನೆಯಾಕೆ ತಿಥಿಯನ್ನು ಕೇಳುತ್ತಾಳೆ.