ಬಾಲೇವಾಡಿಗೆ ಮತ್ತೊಬ್ಬ ಕೋಚ್

ಪುಣೆಯಿಂದ ಹುಬ್ಬಳ್ಳಿ-ಧಾರವಾಡಕ್ಕೆ ರಾತ್ರಿ ಬಸ್ಸು ಹಿಡಿಯುವವರಿಗೆ ವಾಕಡ್ ಚೆನ್ನಾಗಿ ಗೊತ್ತು. ಅಲ್ಲಿಂದ ಹೊರಟ ಬಸ್ಸು ಮುಳಾ ನದಿ ದಾಟಿ ಬಾಲೇವಾಡಿಗೆ ಬರುತ್ತಲೇ ಹೆದ್ದಾರಿಯ ಪಕ್ಕದಲ್ಲಿ ಶಿವಛತ್ರಪತಿ ಕ್ರೀಡಾ ಸಂಕುಲ ಸಿಗುತ್ತದೆ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಜಾಗ. ಊರಿಗೆ ಹೊರಟಾಗ ಕಿಟಕಿಯ ಸೀಟು ಸಿಕ್ಕರೆ ನಾನು ಅದನ್ನೊಮ್ಮೆ ನೋಡಿಯೇ ಕಣ್ಣು ಮುಚ್ಚುವುದು. ಪುಣೆಗೆ ಬಂದ ಮೇಲೆ ನನಗೆ ಸ್ನೇಹಿತರು ಅಂತ ಸಿಕ್ಕಿದ್ದು ಆಫೀಸಿನಲ್ಲಲ್ಲ, ಆ ಕ್ರೀಡಾಂಗಣದ ಸಿಮೆಂಟು ಮೆಟ್ಟಿಲ ಮೇಲೆ.

ಇಂಡಿಯನ್ ಸೂಪರ್ ಲೀಗ್ ಶುರುವಾದ 2014ರಿಂದ ಐದು ಋತು ಎಫ್‌ಸಿ ಪುಣೆ ಸಿಟಿ ಎಂಬ ತಂಡ ಇಲ್ಲಿ ಆಡಿತು. ಅದರ ಅಭಿಮಾನಿಗಳ ಬಳಗಕ್ಕೆ ಆರೆಂಜ್ ಆರ್ಮಿ ಅಂತ ಹೆಸರು. ಪ್ರೇಕ್ಷಕರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕು ಇರುವುದರಿಂದ ಆಟಗಾರರು ದೂರದಲ್ಲೇ ಕಾಣುತ್ತಿದ್ದರು. ಆದರೂ ಕೂಗಿದ್ದು ಅವರಿಗೆ ಕೇಳಿಸುತ್ತದೆ ಎಂಬ ನಂಬಿಕೆ ನಮಗಿತ್ತು.

ನಮ್ಮ ಗುಂಪು ಚಿಕ್ಕದು. ಖಡಕಿಯಿಂದ ಬರುವ ಒಬ್ಬ ನಿವೃತ್ತ ಕಾಕಾ, ಕೊಲ್ಹಾಪುರದ ನನ್ನ ಸಹೋದ್ಯೋಗಿ, ಇಂಗ್ಲೆಂಡಿನ ಲೀಗನ್ನು ಅರೆದು ಕುಡಿದ ಒಬ್ಬ ಕಾಲೇಜು ಹುಡುಗ, ಮತ್ತೆ ನಾನು. ಪಂದ್ಯಕ್ಕೆ ಮೊದಲು ಅಮೃತತುಲ್ಯದಲ್ಲಿ ಚಹಾ. ಕಾಕಾ ಮಾತಾಡುವುದು ಮರಾಠಿ, ಆದರೆ ನನ್ನ ಕಿವಿಗೆ ಅದು ಧಾರವಾಡದ ಕನ್ನಡದ ಹಾಗೆಯೇ ಬೀಳುತ್ತದೆ. ಇಲ್ಲಿ ಹಾಗೆಯೇ ಬರೆಯುತ್ತೇನೆ.

2018ರ ಡಿಸೆಂಬರಿನಲ್ಲಿ ಫಿಲ್ ಬ್ರೌನ್ ಹೊಸ ಕೋಚ್ ಎಂದು ಸುದ್ದಿ ಬಂತು. ಹುಡುಗ ಕುಣಿದಾಡಿಬಿಟ್ಟ. ಹಲ್ ಸಿಟಿಯಂಥ ತಂಡವನ್ನು 2008ರಲ್ಲಿ ಪ್ರೀಮಿಯರ್ ಲೀಗಿಗೆ ಏರಿಸಿದವರು, ಪುಣೆಗೆ ಇನ್ನೇನು ಬೇಕು ಅಂತ ಅವನ ವಾದ. ಕೊಲ್ಹಾಪುರದವನು ಕೂಡಲೇ ಇನ್ನೊಂದು ಕಥೆ ತೆಗೆದ. ಅದೇ ವರ್ಷದ ಡಿಸೆಂಬರ್ 26ರಂದು ಮ್ಯಾಂಚೆಸ್ಟರ್ ಸಿಟಿಯ ಎದುರು ಅರ್ಧ ಆಟದಲ್ಲೇ ನಾಲ್ಕು ಗೋಲು ತಿಂದಿದ್ದ ಆಟಗಾರರನ್ನು ಇದೇ ಬ್ರೌನ್ ಮೈದಾನದಲ್ಲೇ, ತಮ್ಮ ಅಭಿಮಾನಿಗಳ ಕಣ್ಣೆದುರೇ, ನೆಲದ ಮೇಲೆ ಕೂರಿಸಿ ಬೈದಿದ್ದರು.

"ನಮ್ಮ ಕೊಲ್ಹಾಪುರದಾಗ ಬೈಯೋ ಕೆಲಸ ಕೋಚ್‌ಗೆ ಉಳಿಯೂದss ಇಲ್ಲ. ಮಂದೀನ ಬೈದು ಮುಗಿಸಿರ್ತಾರ" ಅಂತ ಅವನು ನಕ್ಕ. ಅಲ್ಲಿ ಫುಟ್ಬಾಲ್ ತಂಡಗಳಿಗೆ ಕುಸ್ತಿಯ ತಾಲೀಮುಗಳ ಹೆಸರು. ಪಾಟಾಕಡೀಲ್ ತಾಲೀಮು, ದಿಲ್‌ಬಹಾರ್ ತಾಲೀಮು. ಪೇಟೆ ಪೇಟೆಗಳ ನಡುವಿನ ಹಟವೇ ಆಟ. ಅಂಥ ಊರಿನಿಂದ ಬಂದವನಿಗೆ ಜಾಹೀರಾತಿನಿಂದ ಹುಟ್ಟಿದ ನಮ್ಮ ತಂಡ ಯಾವತ್ತೂ ಅರ್ಧ ತಮಾಷೆಯೇ.

ಕಾಕಾ ಮಾತ್ರ ಚಹಾ ಮುಗಿಯುವವರೆಗೂ ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಮಾತು. "ಅದೆಲ್ಲಾ ಖರೆ. ಇಂವಾ ಎಷ್ಟು ದಿನಾ ಇರ್ತಾನ?"

ಆ ಪ್ರಶ್ನೆಗೆ ಕಾರಣವಿತ್ತು. ಹಿಂದಿನ ಋತುವಿನಲ್ಲಿ ರಾಂಕೊ ಪೊಪೊವಿಚ್ ಕೋಚ್ ಆಗಿ ಬಂದಾಗಲೂ ನಾವು ಹೀಗೆಯೇ ಗೊಣಗಿದ್ದೆವು. ಕೋಲ್ಕತ್ತಕ್ಕೆ ಮೊದಲ ಐಎಸ್‌ಎಲ್ ಗೆದ್ದುಕೊಟ್ಟಿದ್ದ ಆಂಟೋನಿಯೊ ಹಬಾಸ್ ಅವರ ಜಾಗಕ್ಕೆ ಈ ಸರ್ಬಿಯಾದವರು ಯಾರು ಎಂದು. ಆದರೆ ಅವರ ಕೈಕೆಳಗೇ ತಂಡ ಮೊದಲ ಬಾರಿಗೆ ಸೆಮಿಫೈನಲ್ ಕಂಡಿತು. ಆಮೇಲೆ ಅವರು ಹೋದರು. ಬ್ರೆಜಿಲ್‌ನ ಮಾರ್ಕೋಸ್ ಪಾಕೆಟಾ ಎಂದು ಘೋಷಣೆಯಾಯಿತು. ಒಂದು ಪಂದ್ಯವನ್ನೂ ನಡೆಸದೆ ಅವರೂ ಹೋದರು. ಸ್ಪೇನಿನ ಮಿಗೆಲ್ ಆಂಖೆಲ್ ಪೊರ್ತುಗಾಲ್ ಮೂರೇ ಪಂದ್ಯಕ್ಕೆ ಮನೆಗೆ. ನಡುವೆ ಪ್ರದ್ಯುಮ್ ರೆಡ್ಡಿ ತಾತ್ಕಾಲಿಕವಾಗಿ ಕುಳಿತರು. ಈಗ ಬ್ರೌನ್. ಮಾರ್ಚಿನಿಂದ ಡಿಸೆಂಬರಿನೊಳಗೆ ಐದು ಹೆಸರು. ಮನೆಕೆಲಸದವರನ್ನು ಕೂಡ ಯಾರೂ ಹೀಗೆ ಬದಲಿಸುವುದಿಲ್ಲ.

ಕಾಕಾಗೆ ಇನ್ನೊಂದು ಹಳೆಯ ನೋವೂ ಇತ್ತು. ಅವರ ಮೊದಲ ಪ್ರೀತಿ 2007ರಲ್ಲಿ ಹುಟ್ಟಿದ ಪುಣೆ ಎಫ್‌ಸಿ. ಗೋವಾದ ಡೆರಿಕ್ ಪೆರೇರಾ ಆ ತಂಡವನ್ನು 2012-13ರ ಐ-ಲೀಗಿನಲ್ಲಿ ಎರಡನೇ ಸ್ಥಾನದವರೆಗೆ ಒಯ್ದಿದ್ದರು. ಕಾಕಾನ ಬಾಯಲ್ಲಿ ಅವರು ಇಂದಿಗೂ "ನಮ್ಮ ಡೆರಿಕ್". 2015ರ ಹೊತ್ತಿಗೆ ಆ ತಂಡವೂ ಇರಲಿಲ್ಲ. ಹಾಗಾಗಿ ಹೊಸ ಕೋಚ್ ಬಂದಾಗ ಹುಡುಗ ಆಟ ಹೇಗೆ ಬದಲಾದೀತು ಎಂದು ಲೆಕ್ಕ ಹಾಕಿದರೆ, ಕಾಕಾ ತಂಡ ಉಳಿದೀತೇ ಎಂದು ಲೆಕ್ಕ ಹಾಕುತ್ತಿದ್ದರು. ನನಗದು ಆಗ ವಯಸ್ಸಾದವರ ಕಿರಿಕಿರಿಯಂತೆ ಕಂಡಿತ್ತು.

ನನ್ನದೇ ಒಂದು ಪೇಚಿನ ಕಥೆ ಇಲ್ಲಿ ಹೇಳಬೇಕು. ಆ ಸೆಮಿಫೈನಲ್ ಬೆಂಗಳೂರು ಎಫ್‌ಸಿಯ ಮೇಲೆ. 2018ರ ಮಾರ್ಚ್ 7ರಂದು ಬಾಲೇವಾಡಿಯಲ್ಲಿ ಗೋಲಿಲ್ಲದೆ ಸಮ. ಕಿತ್ತಳೆ ಅಂಗಿ ತೊಟ್ಟು ಕುಳಿತಿದ್ದೆ. ಬೆಂಗಳೂರಿನಿಂದ ಬಂದಿದ್ದ ನೀಲಿ ಅಂಗಿಯವರು ಅತ್ತ ಕನ್ನಡದಲ್ಲಿ ಕೂಗುವಾಗ ತುಟಿ ತಾನಾಗಿ ಅಲುಗಾಡಿದ್ದನ್ನು ಕಾಕಾ ನೋಡಿಬಿಟ್ಟರು. ನಾಲ್ಕು ದಿನ ಬಿಟ್ಟು ಕಂಠೀರವದಲ್ಲಿ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದು 3-1ರಿಂದ ನಮ್ಮ ಕಥೆ ಮುಗಿಸಿದರು. ಟಿವಿ ಆರಿಸುತ್ತ ಕಾಕಾ ಅಂದರು, "ಪೇಢೆ ಹಂಚಪಾ, ನಿಮ್ಮವರು ಗೆದ್ರು."

"ಕಾಕಾ, ನಮ್ಮ ಧಾರವಾಡಕ್ಕ ಬೆಂಗಳೂರೂ ಅಷ್ಟ ದೂರ, ಪುಣೇನೂ ಅಷ್ಟ ದೂರ ರೀ" ಅಂದೆ. ಹೆಚ್ಚುಕಡಿಮೆ ನಿಜವೇ. ಅವರು ನಂಬಲಿಲ್ಲ. ಮುಂದಿನ ಸಲ ಊರಿಂದ ಬರುವಾಗ ಪೇಢೆ ತಂದು ಕೊಟ್ಟೆ, ಸೋತ ಪೇಢೆ ಅಂತ ಹೇಳಿಯೇ. ತಿಂದರು.

ಬ್ರೌನ್ ಬಂದ ಮೇಲೆ ತಂಡ ತುಸು ಚೇತರಿಸಿಕೊಂಡು ಹತ್ತರಲ್ಲಿ ಏಳನೆಯದಾಗಿ ಋತು ಮುಗಿಸಿತು. ಕೊನೆಕೊನೆಗೆ ಕಾಕಾನೂ "ಪರವಾಗಿಲ್ಲ ಮನುಷ್ಯಾ" ಅನ್ನತೊಡಗಿದ್ದರು. ಮುಂದಿನ ವರ್ಷ ಹೀಗೆ ಆಡಿಸಬಹುದು, ಹಾಗೆ ಆಡಿಸಬಹುದು ಎಂದು ಹುಡುಗನ ಜೊತೆ ಕೂತು ಕಾಗದದ ಮೇಲೆ ಚುಕ್ಕೆ ಇಡುತ್ತಿದ್ದರು. ನಾನು ಕಂಡಂತೆ ಅದೇ ಮೊದಲು.

2019ರಲ್ಲಿ ಹಣದ ತೊಂದರೆಯಿಂದ ಕ್ಲಬ್ಬು ಮುಚ್ಚಿತು. ಲೀಗಿನಲ್ಲಿ ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಆ ಹೊಸ ತಂಡದ ಮೊದಲ ಕೋಚ್ ಫಿಲ್ ಬ್ರೌನ್. ಅಂದರೆ ಕಾಕಾನ ಪ್ರಶ್ನೆಗೆ ಉತ್ತರ ಉಲ್ಟಾ ಬಂತು. ಕೋಚ್ ಉಳಿದರು, ತಂಡ ಹೋಯಿತು. ಸುದ್ದಿ ಹೇಳಲು ಫೋನ್ ಮಾಡಿದರೆ "ಗೊತ್ತದ" ಅಂದು ಇಟ್ಟುಬಿಟ್ಟರು. ಆ ದಿನ ಆಫೀಸು ಮುಗಿಸಿ ಕ್ರೀಡಾಂಗಣದ ಗೇಟಿನವರೆಗೆ ಸುಮ್ಮನೆ ನಡೆದು ಹೋಗಿದ್ದೆ. ಒಳಗೆ ಯಾರೋ ಮಕ್ಕಳು ಓಟದ ಅಭ್ಯಾಸ ಮಾಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ಇನ್ನೊಂದು ಸುದ್ದಿ. ಕಂಠೀರವದ ತಕರಾರು ಬಗೆಹರಿಯದ್ದರಿಂದ ಬೆಂಗಳೂರು ಎಫ್‌ಸಿ ತನ್ನ ತವರು ಪಂದ್ಯಗಳನ್ನು ಬಾಲೇವಾಡಿಯಲ್ಲಿ ಆಡಲಿದೆಯಂತೆ. ಕೊನೆಗೆ ಅನುಮತಿ ಸಿಕ್ಕಿ ಅವರು ಅಲ್ಲೇ ಆಡಿದರು, ಬರಲಿಲ್ಲ. ಆದರೆ ಸುದ್ದಿ ಬಂದ ಸಂಜೆ ಕಾಕಾನ ಫೋನ್ ತಾನಾಗಿಯೇ ಬಂತು. ಕ್ಷೇಮ ಸಮಾಚಾರ ಇಲ್ಲ, ಪೀಠಿಕೆ ಇಲ್ಲ.

"ನಿಮ್ಮವರ ಕೋಚ್ ಇದ್ದಾನಲ್ಲಾ, ಆ ಕ್ವಾದ್ರಾತ್, ಹ್ಯಾಂಗದಾನ ಮನುಷ್ಯಾ?"